ಝ್ಯಾಕ್ಸ್ ಅಂದ್ರೆ ಏನೋ, ತಮ್ಮಾ?

“ಈ ಸಲ ಅಕ್ಕನಿಗೆ ಮಣ್ಣು ಮುಕ್ಕಿಸೇ ಬಿಡ್ತೀನಿ, ನೋಡ್ತಿರು!” ಎಂದು ಪೋಸ್ಟ್‌ಮಾಸ್ಟರರು ಹೆಂಡತಿಯೆದುರು ಗುಡುಗಿದರು.

“ಮೊದಲು ಸ್ನಾನ ಮುಗಿಸಿ, ಆಮೇಲೆ ಮುಕ್ಕಿಸೋರಂತೆ.”

ತೀರಿಕೊಂಡ ಅಪ್ಪನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಪದ ಜೋಡಿಸುವ ಆಟದ ಹಳೆಯ ಹಲಗೆ ಸಿಕ್ಕಿತ್ತು. ರಜೆಯ ಮಧ್ಯಾಹ್ನಗಳಲ್ಲಿ ಅಪ್ಪ ಅಕ್ಕ-ತಮ್ಮ ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿಕೊಂಡು ಆಡಿಸುತ್ತಿದ್ದ ಹಲಗೆ. ಕಳೆದುಹೋದ ಕ್ಯೂ ಅಕ್ಷರದ ಬಿಲ್ಲೆಗೆ ಬದಲಾಗಿ ಅಪ್ಪನೇ ಕೆತ್ತಿದ ಮರದ ಚೂರು ಇನ್ನೂ ಹಾಗೇ ಇತ್ತು. ಅಕ್ಕನಿಗೂ ಅದು ಬೇಕು, ತಮ್ಮನಿಗೂ ಬೇಕು. “ಆಡೇ ತೀರ್ಮಾನ ಮಾಡೋಣ,” ಅಂದರು ಅಕ್ಕ. ಚಿಕ್ಕಂದಿನಲ್ಲಿ ಒಮ್ಮೆಯೂ ಸೋಲದ ಅಕ್ಕ!

ಪೋಸ್ಟ್‌ಮಾಸ್ಟರರು ನಿಘಂಟಿನಿಂದ ಯಾರೂ ಕೇಳರಿಯದ ಪದಗಳನ್ನು ಹೆಕ್ಕಿ, ಚೀಟಿ ಬರೆದು, ಬಾಯಿಪಾಠ ಮಾಡಲೆಂದು ಕಚೇರಿಯ ಗೋಂದಿನಲ್ಲಿ ಮನೆತುಂಬ ಮೆತ್ತಿದರು. ಕನ್ನಡಿಯ ಮೇಲೆ ‘ಐ’: ಮರಕ್ಕೆ ಜೋತುಬಿದ್ದೇ ಕಾಲ ಕಳೆಯುವ ಸೋಮಾರಿ ಪ್ರಾಣಿ.

“ಇದೊಂದು ಮಾತ್ರ ಸರಿಯಾದ ಜಾಗದಲ್ಲಿದೆ,” ಅಂದಳು ಹೆಂಡತಿ.

ಅಡುಗೆಮನೆಯ ಡಬ್ಬಿಗಳ ಹೆಸರುಗಳೂ ಚೀಟಿಯಡಿ ಸಮಾಧಿಯಾದವು. ಆಟದ ದಿನ ಅಕ್ಕ ಬಂದು ಕೂತಾಗ ಒಳಗಿನಿಂದ ಕೂಗು: “ರೀ, ಸಕ್ಕರೆ ಯಾವುದರಲ್ಲಿ?”

“‘ಝ್ಯಾಕ್ಸ್’ ಚೀಟಿ ಇರೋದ್ರಲ್ಲಿ! ‘ಕೂಮ್’ ಚೀಟಿ ಇರೋದು ಉಪ್ಪು. ಕಣ್ಣು ಮುಚ್ಚಿ ಹಾಕು!”

ಅಕ್ಕ ಒಂದು ಗುಟುಕು ಕಾಫಿ ಕುಡಿದವರೇ ಬಚ್ಚಲಿಗೆ ಓಡಿದರು.

ಆಟ ಶುರುವಾಯಿತು. ಕೊನೆಗೆ ಪೋಸ್ಟ್‌ಮಾಸ್ಟರರು ಎದೆಯುಬ್ಬಿಸಿ ‘ಝ್ಯಾಕ್ಸ್’ ಜೋಡಿಸಿದರು. ಆ ಪದ ನಿಂತರೆ ಗೆಲುವು ಅವರದೇ!

“ಅಪ್ಪನ ನಿಯಮ ಮರೆತ್ಯಾ? ಅರ್ಥ ಹೇಳದಿದ್ರೆ ಬಿಲ್ಲೆ ವಾಪಸ್. ಝ್ಯಾಕ್ಸ್ ಅಂದ್ರೆ ಏನೋ, ತಮ್ಮಾ?”

ಪೋಸ್ಟ್‌ಮಾಸ್ಟರರ ತಲೆ ಖಾಲಿ ಡಬ್ಬಿಯಾಯಿತು. “ಸಕ್ಕರೆ... ಅಲ್ಲಲ್ಲ, ಉಪ್ಪು!”

“ಚಾವಣಿಯ ಕಲ್ಲುಹಂಚು ಕಡಿಯೋ ಮಚ್ಚು ಕಣೋ! ಅಪ್ಪ ಹೇಳಿಕೊಟ್ಟಾಗ ನೀನು ಚಾಪೆ ಮೇಲೆ ಬಾಯಿ ತೆರೆದು ಗೊರಕೆ ಹೊಡೀತಿದ್ದೆ. ನಿನ್ನ ಬಾಯಿಗೆ ನೊಣ ಹೋಗದ ಹಾಗೆ ಒಂದು ಕೈಯಲ್ಲಿ ಬೀಸಣಿಗೆ ಬೀಸ್ತಾನೇ ಪಾಠ ಮಾಡಿದ್ರು.”

ಪೋಸ್ಟ್‌ಮಾಸ್ಟರರು ತಾವಾಗಿಯೇ ಬಿಲ್ಲೆ ತೆಗೆದರು. ಹಲಗೆಯ ಧೂಳು ಒರೆಸಿ, ಟವೆಲ್ಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಅಕ್ಕನಿಗೆ ಕೊಟ್ಟರು.

ಅಕ್ಕ ಅದನ್ನು ಒಂದು ಗಳಿಗೆ ಮಡಿಲಲ್ಲಿಟ್ಟುಕೊಂಡು, ಮತ್ತೆ ಅವರ ಕೈಗೇ ಇತ್ತರು.

“ಇಲ್ಲೇ ಇರಲಿ ಬಿಡೋ. ತಿಂಗಳು ತಿಂಗಳೂ ಆಡೋಕೆ ಬರ್ತೀನಿ. ಸೋಲೋನು ನೀನು, ಹಲಗೆ ಹೊರೋಳು ನಾನಾ?”