ಕೆಳಗಿನ ಓಣಿಗೆ ಮಂಜೂರಾದ ವಿಶೇಷಣ

ಜೋಳಖೇಡದ ಕೆಳಗಿನ ಓಣಿಗೆ ೧೯೭೨ನೇ ಇಸವಿಯಲ್ಲಿ ಸರಕಾರದ ವತಿಯಿಂದ ಒಂದು ವಿಶೇಷಣ ಮಂಜೂರಾಯಿತು. ಓಣಿಯವರು ಕೇಳಿದ್ದು ನಳ. ಆದರೆ ಕೇಳಿದ್ದನ್ನೇ ಕೊಡಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ.

ನಾನು ಆಗ ಹುಮನಾಬಾದಿನಲ್ಲಿ ನೀರು ಸರಬರಾಜು ಭಾಷಾಂತರ ಉಪಕಚೇರಿಯ ಟಪಾಲು ಗುಮಾಸ್ತ. ಅಂಥದೊಂದು ಕಚೇರಿ ಇತ್ತೇ ಎಂದು ಈಗಿನವರು ಕೇಳುತ್ತಾರೆ. ಇತ್ತು. ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಮುಖ್ಯ ಭಾಷಾಂತರಕಾರ ದಿಗಂಬರರಾಯರು, ಇನ್ನೊಂದರಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಬಲ್ಲ ಯುನೂಸ್ ಸಾಹೇಬರು. ನಾನು ನಿಂತೇ ಇರುತ್ತಿದ್ದೆ, ಅದಕ್ಕೇ ಊರಿನ ಸುದ್ದಿಯೆಲ್ಲ ಮೊದಲು ನನಗೇ ತಿಳಿಯುತ್ತಿತ್ತು.

ಸಂಗತಿ ಸರಳವಾದದ್ದು. ಜೋಳಖೇಡದ ನೀರಿನ ಟಾಕಿ ಕೆಳಗಿನ ಓಣಿಯ ತಲೆಯ ಮೇಲೇ ನಿಂತಿದೆ. ಪೈಪು ಆ ಓಣಿಯ ಸೋನುಬಾಯಿಯ ಮನೆಯ ಹೊಸ್ತಿಲು ಸವರಿಕೊಂಡು ಮೇಲಿನ ಓಣಿಗೆ ಹೋಗುತ್ತದೆ. ಸೋನುಬಾಯಿ ಮಾತ್ರ ದಿನಾ ನಾಲ್ಕು ಸಲ ಹೊಲದ ಬಾವಿಗೆ ಹೋಗಿ ಕೊಡ ಹೊತ್ತು ತರುತ್ತಿದ್ದಳು, ಆಮೇಲೆ ಕೂಲಿಗೆ ಹೋಗುತ್ತಿದ್ದಳು. ಓಣಿಯವರ ಅರ್ಜಿಯ ಮೇಲೆ ಬೆಂಗಳೂರಿನಿಂದ ದೊಡ್ಡ ಎಂಜಿನಿಯರರು ಬಂದರು, ಬಿಸಿಲಲ್ಲಿ ನಿಂತು ನೋಡಿದರು, ಇಂಗ್ಲಿಷಿನಲ್ಲಿ ವರದಿ ಬರೆದರು: ಈ ಓಣಿಯ ಸ್ಥಿತಿ ‘ಟ್ಯಾಂಟಲೈಜಿಂಗ್’ ಆಗಿದೆ, ಕೂಡಲೇ ನಳ ಕೊಡತಕ್ಕದ್ದು.

ಕನ್ನಡಕ್ಕೆ ಬಾರದ ವರದಿಯ ಮೇಲೆ ಕ್ರಮ ಜರುಗಿಸಕೂಡದೆಂಬುದು ನಮ್ಮ ಕಚೇರಿಯ ನಿಯಮ ಮೂರು. ದಿಗಂಬರರಾಯರು ಉಳಿದದ್ದನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದರು. ಆ ಒಂದು ಪದ ಉಳಿಯಿತು. ಕಚೇರಿ ಎರಡು ಭಾಗವಾದಾಗ ನಿಘಂಟೂ ಎರಡು ಭಾಗವಾಗಿತ್ತು. ಮೊದಲ ಸಂಪುಟ ಹುಮನಾಬಾದಿಗೆ, ಎರಡನೆಯದು ಬಸವಕಲ್ಯಾಣಕ್ಕೆ. ಬೇಕಾದ ಪದ ಬಸವಕಲ್ಯಾಣದಲ್ಲಿತ್ತು. ಅದನ್ನು ನೋಡಿಕೊಂಡು ಬರಲು ಯುನೂಸ್ ಸಾಹೇಬರಿಗೆ ಪ್ರವಾಸದ ಪರವಾನಗಿ ಸಿಗುವುದರೊಳಗೆ ಬೇಸಿಗೆ ಕಳೆಯಿತು.

ಅವರು ತಂದ ಸುದ್ದಿ ಗಂಭೀರವಾಗಿತ್ತು. ಆ ಪದ ಟ್ಯಾಂಟಲಸ್ ಎಂಬ ಗ್ರೀಕ್ ಪುರಾಣದ ರಾಜನಿಂದ ಬಂದದ್ದು. ದೇವತೆಗಳ ಸಿಟ್ಟಿಗೆ ಗುರಿಯಾದ ಅವನನ್ನು ಕುತ್ತಿಗೆಮಟ್ಟ ನೀರಲ್ಲಿ ನಿಲ್ಲಿಸಿದ್ದರು. ಕುಡಿಯಲು ಬಗ್ಗಿದರೆ ನೀರು ಇಳಿಯುತ್ತಿತ್ತು. ತಲೆಯ ಮೇಲೆ ಹಣ್ಣಿನ ಕೊಂಬೆ, ಕೈ ಚಾಚಿದರೆ ಮೇಲಕ್ಕೇರುತ್ತಿತ್ತು.

“ಅಂವಗ ನೋಟೀಸ್ ಕೊಟ್ಟಿದ್ರೇನು?” ಎಂದು ದಿಗಂಬರರಾಯರು ಕೇಳಿದರು.

“ಪುಸ್ತಕದಾಗ ಬರ್ದಿಲ್ರಿ ಸಾಬ್. ಉರ್ದುದಾಗ ಇದಕ್ಕ ‘ತರಸಾನಾ’ ಅಂತಾರ. ಆಸೆ ಹಚ್ಚಿ ಕೊಡದೇ ಇರೋದು.”

“ಉರ್ದು ಈಗ ನಡಿಯಂಗಿಲ್ಲ ಯುನೂಸ್‌ಭಾಯಿ. ಕನ್ನಡ ಬೇಕು.”

ಆ ಹೊತ್ತಿಗೆ ಸರಿಯಾಗಿ ಸೋನುಬಾಯಿ ಓಣಿಯ ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ರಾಜನ ಕಥೆ ಪೂರಾ ಕೇಳಿ, “ಅಯ್ಯ ಪಾಪ, ಅಂವನೂ ನಮ್ಮ ಓಣ್ಯಾಂವೇ ಆದ್ನಲ್ರಿ!” ಎಂದಳು. “ಇದಕ್ಯಾಕ ಇಷ್ಟ್ ತ್ರಾಸ ಮಾಡ್ಕೊಳ್ಳಾಕತ್ತೀರಿ? ಕಣ್ಣಿಗೆ ಕಾಣ್ತಾವ, ಕೊಡಕ್ಕ ಬರಂಗಿಲ್ಲ. ಬರ್ಕೋರಿ.”

ನನಗೆ ಚಪ್ಪಾಳೆ ಹೊಡೆಯಬೇಕೆನ್ನಿಸಿತು. ದಿಗಂಬರರಾಯರು ಬೆರಳು ಮಡಚಿ ಎಣಿಸಿದರು. “ನಾಕ್ ಪದ ಆತು. ಒಂದಕ್ಕ ಒಂದೇ ಪದ ಅಂತ ನಿಯಮ ಅದ. ಉಳಿದ ಮೂರಕ್ಕ ಯಾರು ಜವಾಬ್ದಾರಿ?”

ಇದಾದ ಮೇಲೆ ಸ್ಥಳ ಪರಿಶೀಲನೆ ನಡೆಯಿತು. ರಾಜನ ಸ್ಥಿತಿಯನ್ನೂ ಓಣಿಯ ಸ್ಥಿತಿಯನ್ನೂ ಹೋಲಿಸಿ ತಖ್ತೆ ತಯಾರಿಸಬೇಕಿತ್ತು, ಬರೆದವನು ನಾನೇ. ರಾಜನಿಗೆ ನೀರು ಕುತ್ತಿಗೆಯವರೆಗೆ, ಓಣಿಗೆ ಟಾಕಿಯ ಲೆಕ್ಕದಲ್ಲಿ ತಲೆಗಿಂತ ಐವತ್ತು ಅಡಿ ಮೇಲೆ. ಆದ್ದರಿಂದ ಓಣಿಯ ಸ್ಥಿತಿ ರಾಜನಿಗಿಂತ ಉತ್ತಮ. ಹಣ್ಣಿನ ಕಾಲಮ್ಮಿನಲ್ಲಿ ‘ಬೇವು’ ಎಂದು ನಮೂದಿಸಿದೆ. ದೇವತೆಗಳ ಕಾಲಮ್ಮಿನಲ್ಲಿ ಯಾರ ಹೆಸರು ಹಾಕಬೇಕೆಂದು ಕೇಳಿದ್ದಕ್ಕೆ ದಿಗಂಬರರಾಯರು ಅದನ್ನು ಖಾಲಿ ಬಿಡಲು ಹೇಳಿದರು.

ವರ್ಷದ ಕೊನೆಗೆ ಓಣಿಯಲ್ಲಿ ಡಂಗುರ ಸಾರಲಾಯಿತು: “ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಕೆಳಗಿನ ಓಣಿಯು ಇಂದಿನಿಂದ ‘ಸಮೀಪಜಲಾಲಭ್ಯ’ ಓಣಿಯಾಗಿರುತ್ತದೆ.” ನೀರು ಹತ್ತಿರವಿದ್ದೂ ಸಿಗದ ಓಣಿ ಎಂಬ ಅರ್ಥ ತಿಳಿಯದ ಜನ, ಏನೋ ಒಳ್ಳೆಯದೇ ಆಗಿರಬೇಕೆಂದು ಸಕ್ಕರೆ ಹಂಚಿದರು. ಸೋನುಬಾಯಿ ನಳ ಕೂಡಿಸಲು ಅಂಗಳ ಸಾರಿಸಿಟ್ಟು ಎಂಟು ದಿನ ಕಾದಳು. ಆಮೇಲೆ ಮತ್ತೆ ಕಚೇರಿಗೆ ಬಂದಳು.

“ನೋಡ್ ಸೋನುಬಾಯಿ,” ಎಂದರು ದಿಗಂಬರರಾಯರು ಸಮಾಧಾನದಿಂದ, “ಮಂಜೂರಾದ ವಿಶೇಷಣ ಸುಳ್ಳಾಗೋಹಂಗ ಯಾರೂ ಏನೂ ಮಾಡಬಾರದು. ನಿಯಮ ಹದಿನಾಲ್ಕು. ನಳ ಕೊಟ್ಟ್ವಿ ಅಂದ್ರ ದೊಡ್ಡ ಸಾಹೇಬ್ರು ಸುಳ್ಳ್ ವರದಿ ಬರ್ದಂಗ ಆಗ್ತದ. ಅವರ ನೌಕರಿ ಹೋಗ್ತದ.”

“ನಳ ಕೊಡ್ರಿ ಅಂತ ಅವರೇ ಬರ್ದಾರಲ್ರಿ?”

“ಬರ್ದಾರ. ಅವರಿಗೆ ಈ ನಿಯಮ ಗೊತ್ತಿರ್ಲಿಲ್ಲ.”

“ಮತ್ತ ನಮ್ಮ ನೀರು?”

“ನೀರಿಂದು ಬ್ಯಾರೆ ಫೈಲು.”

ಅವಳ ಕಣ್ಣಲ್ಲಿ ನೀರು ಬಂತು. ನನಗೆ ತಲೆ ಎತ್ತಲಾಗಲಿಲ್ಲ, ಟಪಾಲಿಗೆ ಅಂಟು ಹಚ್ಚುತ್ತ ಕುಳಿತೆ. ಕುಳಿತೆ ಎಂದೆನೆ? ನಿಂತಿದ್ದೆ.

ಅಂದು ಅವಳು ನೇರ ಮನೆಗೆ ಹೋಗದೆ ಫಿಟ್ಟರ್ ನರಸಿಂಗನ ಮನೆಗೆ ಹೋಗಿದ್ದಳು. ಪೈಪಿನ ಕೆಲಸವೆಲ್ಲ ಅವನ ಕೈಯಲ್ಲಿತ್ತು. ಇಬ್ಬರೂ ಏನು ಮಾತಾಡಿದರೆಂಬುದಕ್ಕೆ ದಾಖಲೆಯಿಲ್ಲ. ಮರುದಿನ ನರಸಿಂಗ ಸೋನುಬಾಯಿಯ ಹೊಸ್ತಿಲ ಮುಂದಿನ ಜೋಡಣೆ ಬಿಗಿ ಮಾಡಲೆಂದು ಪಾನಾ ಹಿಡಿದು ಬಂದ. ಬಿಗಿ ಮಾಡಿ ಹೋದ ಮೇಲೆ ಅಲ್ಲಿಂದ ನೀರು ಬರಹತ್ತಿತು, ಒಂದು ಕೊಡ ತುಂಬಲು ಮೂರೇ ನಿಮಿಷ. ಅರವತ್ತೆರಡು ಮನೆಯವರೂ ಕೊಡ ಹಿಡಿದು ನಿಂತರು.

ಸುದ್ದಿ ಮುಟ್ಟಿದ ಕೂಡಲೇ ನಾವು ಕಚೇರಿಯಿಂದ ಜೋಳಖೇಡಕ್ಕೆ ಧಾವಿಸಿದೆವು. ದಿಗಂಬರರಾಯರ ಮುಖ ಬಿಳಿಚಿತ್ತು. “ಏ ನರಸಿಂಗ, ಇದೇನು ಮಾಡಿದಿ? ನೀರು ಸರಬರಾಜು ಆಗಾಕತ್ತದಲ್ಲ!”

“ಸರಬರಾಜು ಅಲ್ರಿ ಸಾಹೇಬ್ರ,” ಎಂದ ನರಸಿಂಗ. “ಸೋರಿಕಿರಿ. ತೋಟಿ ಎಲ್ಲ್ಯದ ತೋರಸ್ರಿ.”

ದಿಗಂಬರರಾಯರು ನಿಯಮಾವಳಿ ತೆರೆದರು. ಸರಬರಾಜೆಂದರೆ ತೋಟಿ, ಅಂದರೆ ನಳದ ಬಾಯಿಯ ಮೂಲಕ ಬರುವ ನೀರು. ತೋಟಿ ಇರಲಿಲ್ಲ. ವಿಶೇಷಣ ಸುರಕ್ಷಿತವಾಗಿತ್ತು. ಅವರು ಉಸಿರು ಬಿಟ್ಟು, ಹಾಗಾದರೆ ಇದನ್ನು ದುರಸ್ತಿ ಮಾಡಿಸೋಣ ಎಂದರು.

“ಹ್ಯಾಂಗ್ರಿ ಸಾಬ್?” ಎಂದರು ಯುನೂಸ್ ಸಾಹೇಬರು ಮೆಲ್ಲಗೆ. “ದುರಸ್ತಿಗೆ ವರದಿ ಬೇಕು. ವರದಿದಾಗ ಓಣಿಯವರಿಗೆ ನೀರು ಸಿಗಾಕತ್ತದ ಅಂತ ಬರೀಬೇಕು. ಬರ್ದ್ರ ವಿಶೇಷಣ ಸುಳ್ಳು.”

ದಿಗಂಬರರಾಯರು ನಿಯಮಾವಳಿ ಮುಚ್ಚಿದರು. ಕೊಡಗಳು ತುಂಬುತ್ತಿದ್ದವು. ನನ್ನ ನೌಕರಿಯಲ್ಲಿ ಅಷ್ಟು ಸಂತೋಷ ಮತ್ತೆಂದೂ ಆಗಲಿಲ್ಲ.

ಹೀಗೆ ಸೋರಿಕೆ ಉಳಿಯಿತು. ಅದು ತಾನಾಗಿ ನಿಂತುಹೋಗದಂತೆ ನೋಡಿಕೊಳ್ಳಲು ನರಸಿಂಗನಿಗೆ ಬಾಯಿಮಾತಿನ ಆದೇಶವಾಯಿತು. ಮುಂಜಾನೆ ಆರರಿಂದ ಒಂಬತ್ತರವರೆಗೆ ಸೋರಬೇಕು, ಅಮಾವಾಸ್ಯೆಗೆ ರಜೆ. ನೂಕುನುಗ್ಗಲು ಹೆಚ್ಚಾದಾಗ ಕಚೇರಿಯಿಂದ ಒಂದು ಫಲಕ ಬರೆಸಿ ನಿಲ್ಲಿಸಿದೆವು: ‘ಇಲ್ಲಿ ನೀರು ಇರುವುದಿಲ್ಲ. ಸಾಲಾಗಿ ನಿಲ್ಲತಕ್ಕದ್ದು.’ ಮೇಲಿನ ಓಣಿಯಲ್ಲಿ ನೀರಿನ ಜೋರು ಕಡಿಮೆಯಾದಾಗ ಅವರೂ ಕೊಡ ತಂದು ಸಾಲಿನಲ್ಲಿ ನಿಂತರು, ತಮಗೂ ವಿಶೇಷಣ ಬೇಕೆಂದು ಅರ್ಜಿ ಕೊಟ್ಟರು.

ಹತ್ತು ವರ್ಷದ ಮೇಲೆ ತಪಾಸಣೆಗೆ ಬಂದ ಹೊಸ ಅಧಿಕಾರಿ ಫಲಕ ಓದಿದರು, ಸಾಲು ನೋಡಿದರು. ಬಿಸಿಲಿಗೆ ಬಾಯಾರಿತ್ತು. ಸೋನುಬಾಯಿ ಚರಿಗೆ ತುಂಬಿಸಿ ಕೊಟ್ಟಳು. ಗಟಗಟ ಕುಡಿದು, “ಭಾಳ ಸಿಹಿ ಅದ. ಎಲ್ಲಿಂದು ಈ ನೀರು?” ಎಂದು ಕೇಳಿದರು.

“ಇಲ್ಲಿ ನೀರ್ ಎಲ್ಲಿ ಅದಾವ್ರಿ ಸಾಹೇಬ್ರ?” ಎಂದಳು ಸೋನುಬಾಯಿ. “ಬೋರ್ಡ್ ಓದ್ಲಿಲ್ಲೇನ್ರಿ?”

ಅಧಿಕಾರಿ ಮೀಸೆ ಒರೆಸಿಕೊಂಡರು. ನನ್ನ ಕೈಯಿಂದ ಫೈಲು ತೆಗೆದುಕೊಂಡು, ‘ಖುದ್ದಾಗಿ ಪರಿಶೀಲಿಸಿದೆ, ನೀರಿಲ್ಲ’ ಎಂದು ಬರೆದು ಸಹಿ ಹಾಕಿ, ಇನ್ನೊಂದು ಚರಿಗೆ ಕೇಳಿದರು.