ಡುಬ್ಬಣ್ಣನ ಎಂಟು ಬೆರಳು

ಒಂದನೇ ತರಗತಿಯ ಗಣಿತ ಅಭ್ಯಾಸ ಪುಸ್ತಕದಿಂದ ಒಂಬತ್ತು ಮತ್ತು ಹತ್ತು ಎಂಬ ಸಂಖ್ಯೆಗಳನ್ನು ಸಂಬಂಧಪಟ್ಟವರ ಇಚ್ಛೆಯ ಮೇರೆಗೆ ಕೈಬಿಡಲಾಯಿತು. ಸಂಬಂಧಪಟ್ಟವರು ಎಂದರೆ ಒಂದು ಕಪ್ಪೆ.

ಡುಬ್ಬಣ್ಣನೆಂಬ ಈ ಟಿವಿ ಕಾರ್ಟೂನ್ ಕಪ್ಪೆ ಆಗಲೇ ಮಕ್ಕಳ ಕಾಲುಚೀಲ, ನೀರಿನ ಬಾಟಲಿ, ಟೂತ್‌ಬ್ರಷ್ಷುಗಳ ಮೇಲೆಲ್ಲ ಕೂತಾಗಿತ್ತು, ವಿದ್ಯೆಯೊಂದೇ ಬಾಕಿಯಿತ್ತು. ಪ್ರಕಾಶಕರು ಗಣಿತದ ನಿವೃತ್ತ ಟೀಚರೊಬ್ಬರನ್ನು ಕರೆಸಿದರು. ಮೂವತ್ತು ವರ್ಷ ಮಗ್ಗಿ ಹೇಳಿಕೊಟ್ಟವರು. ಮೊಮ್ಮಗಳೂ ಈ ಪುಸ್ತಕದಲ್ಲೇ ಕಲಿಯುತ್ತಾಳೆಂದು ಅವರು ಮುತುವರ್ಜಿಯಿಂದ ಬರೆದುಕೊಟ್ಟರು.

ಹದಿನೈದು ದಿನಕ್ಕೆ ಕಪ್ಪೆಯ ಹಕ್ಕುದಾರ ಕಂಪನಿಯಿಂದ ಪತ್ರ ಬಂತು. "ಡುಬ್ಬಣ್ಣನವರಿಗೆ ಕೈಗೆ ನಾಲ್ಕರಂತೆ ಎಂಟೇ ಬೆರಳುಗಳಿರುತ್ತವೆ. ಅದಕ್ಕಿಂತ ಹೆಚ್ಚು ಎಣಿಸುವುದು ಸದರಿಯವರ ಕೊರತೆಯನ್ನು ಎತ್ತಿ ಆಡಿದಂತಾಗುತ್ತದೆ. ಅಲ್ಲದೆ ಅವರ ಕೈಯಿಂದ ಯಾರೂ ಏನನ್ನೂ ಕಳೆಯತಕ್ಕದ್ದಲ್ಲ."

"ಕಳೆಯೋ ಲೆಕ್ಕಾನೂ ಬೇಡ್ವಾ?" ಎಂದರು ಟೀಚರು.

"ಆ ಪುಟದಲ್ಲಿ ಟೋಪಿ ಹಾಕೋಣ ಮೇಡಂ," ಎಂದರು ಪ್ರಕಾಶನದ ಮ್ಯಾನೇಜರು. "ಮಕ್ಕಳು ಬಣ್ಣ ತುಂಬ್ತಾರೆ."

"ಮಕ್ಕಳಿಗೆ ಹತ್ತು ಬೆರಳಿದೆಯಲ್ಲ ಸರ್."

"ಇದೆ. ಆದ್ರೆ ಮುಖಪುಟದಲ್ಲಿರೋದು ಮಕ್ಕಳಲ್ಲವಲ್ಲ."

ಪುಸ್ತಕ ಅಂಗಡಿಗೆ ಬಂದ ವಾರದಲ್ಲೇ ಖಾಲಿಯಾಯಿತು. ಪೋಷಕರು ಯಾರೂ ಒಂಬತ್ತನ್ನು ವಿಚಾರಿಸಲಿಲ್ಲ. ಸ್ಟಿಕ್ಕರು ಸರಿಯಾಗಿ ಅಂಟುತ್ತಿಲ್ಲವೆಂದು ದೂರಿದರು, ಅದನ್ನು ತುರ್ತಾಗಿ ಸರಿಪಡಿಸಲಾಯಿತು. ಮೊಮ್ಮಗಳ ಶಾಲೆ ಆ ಪುಸ್ತಕವನ್ನೇ ಪಠ್ಯವಾಗಿಸಿ ಸುತ್ತೋಲೆ ಹೊರಡಿಸಿತು: ಪಠ್ಯದಲ್ಲಿಲ್ಲದ ಸಂಖ್ಯೆಯನ್ನು ಶಾಲೆಯ ಆವರಣದಲ್ಲಿ ಉಚ್ಚರಿಸಕೂಡದು.

ಒಂದು ಸಂಜೆ ಮೊಮ್ಮಗಳು ಬೆರಳು ಮಡಚುತ್ತಾ ಎಂಟಕ್ಕೆ ನಿಂತಳು.

"ಇನ್ನೆರಡು ಉಳೀತಲ್ಲ ಪುಟ್ಟಿ?"

"ಅವು ಎರಡನೇ ಭಾಗದಲ್ಲಿ ಬರ್ತವಂತೆ ಅಜ್ಜಿ. ಅದನ್ನ ಬೇರೆ ಕೊಳ್ಳಬೇಕು."

ಅಜ್ಜಿ ಮರುದಿನವೇ ಜಗಳಕ್ಕೆ ಸೆರಗು ಬಿಗಿದು ಶಾಲೆಗೆ ಹೋದರು. ತರಗತಿಯಲ್ಲಿ ಹಾಜರಿ ನಡೆದಿತ್ತು. ಮಿಸ್ಸು ಒಂದರಿಂದ ಎಂಟರವರೆಗೆ ಕೂಗಿ, ಕನ್ನಡಕ ಸರಿಮಾಡಿಕೊಂಡು, "ಉಳಿದವರು?" ಎಂದರು.

"ಬಂದಿದೀವಿ ಮಿಸ್," ಎಂದವು ಇಪ್ಪತ್ತೆರಡು ಮಕ್ಕಳು ಒಟ್ಟಿಗೆ. ಮೊಮ್ಮಗಳ ದನಿ ಎಲ್ಲರಿಗಿಂತ ಜೋರಾಗಿತ್ತು.

ಕಚೇರಿಯಲ್ಲಿ ಮುಖ್ಯೋಪಾಧ್ಯಾಯಿನಿ ಎದ್ದು ಕುರ್ಚಿ ಕೊಟ್ಟರು. "ನಿಮ್ಮ ಪುಸ್ತಕ ಬಂದ್ಮೇಲೆ ಗಣಿತದಲ್ಲಿ ಒಬ್ಬರೂ ಫೇಲಾಗಿಲ್ಲ ಟೀಚರ್. ಅಳೋ ಮಕ್ಕಳೇ ಇಲ್ಲ."

ಟೀಚರು ಮೂವತ್ತು ವರ್ಷದಲ್ಲಿ ತಮ್ಮ ತರಗತಿಯಲ್ಲಿ ಅಳದ ಮಗು ಯಾವುದೆಂದು ಯೋಚಿಸಿದರು. ಒಂದೂ ನೆನಪಾಗಲಿಲ್ಲ.

"ಶನಿವಾರ ಗಣಿತ ಸ್ಪರ್ಧೆ ಇಟ್ಟಿದೀವಿ," ಎಂದರು ಮುಖ್ಯೋಪಾಧ್ಯಾಯಿನಿ. "ಎಲ್ಲರಿಗೂ ಮೊದಲ ಬಹುಮಾನ ಅಂತ ತೀರ್ಮಾನವಾಗಿದೆ. ನೀವು ತೀರ್ಪುಗಾರರಾಗಿ ಬರಬೇಕು."

ಟೀಚರು ಸೆರಗು ಸಡಿಲಿಸಿದರು.

"ಎಷ್ಟು ಗಂಟೆಗೆ ಬರಲಿ?" ಎಂದರು.