ಬಗಲಿಗೆ ಕಟ್ಟುವ ಸೋರೆಬುರುಡೆ

ಕೆಲವರ ಮನೆ ಹಪ್ಪಳಕ್ಕೆ ಹೆಸರಾಗಿರುತ್ತದೆ, ಕೆಲವರದು ಜಗಳಕ್ಕೆ. ಕಂಪ್ಲಿಯಲ್ಲಿ ನಮ್ಮ ಮನೆ ಹೆಸರಾದದ್ದು ಅಡಿಗೆಮನೆಗೆ ಬಾರದ ಸೋರೆಕಾಯಿಗೆ. ಹಿತ್ತಲ ಬಳ್ಳಿಯಲ್ಲಿ ಬಿಟ್ಟ ದುಂಡಗಿನ, ಕಲೆಯಿಲ್ಲದ ಕಾಯಿಗಳನ್ನು ನಾನು ಯಾರಿಗೂ ಮುಟ್ಟಗೊಡುವುದಿಲ್ಲ. ಅವು ಬಳ್ಳಿಯಲ್ಲೇ ಬಲಿತು, ಒಣಗಿ, ಒಳಗಿನ ಬೀಜ ಗಲಗಲ ಅನ್ನಬೇಕು. "ಊರಾಗ ಎಲ್ಲಾರೂ ಸೋರೆಕಾಯಿ ತಿಂತಾರ, ನೀವು ಮೈಮ್ಯಾಲ ಹಾಕ್ಕೊಂತೀರಿ" ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ಅವಳ ಮಾತು ಸುಳ್ಳಲ್ಲ. ನನ್ನ ಮೂಗು ಮತ್ತು ಈ ಹುಚ್ಚು, ಎರಡೂ ಅಪ್ಪನಿಂದ ಬಂದವು.

ಅಪ್ಪನಿಗೆ ಪೇಟೆಯಲ್ಲಿ ಅಕ್ಕಿ ಅಂಗಡಿ. ನೀರೆಂದರೆ ಕೈಕಾಲು ತಣ್ಣಗಾಗುವಷ್ಟು ಭಯ. ಅಂಥವರು ನನ್ನ ಅಕ್ಕ ಗಂಗವ್ವನನ್ನು ಹೊಳೆಯಾಚೆಯ ಊರಿಗೆ ಕೊಟ್ಟರು. ಈ ದಡ ಮದರಾಸಿನವರದು, ಆ ದಡ ನಿಜಾಮನದು, ನಡುವಿನ ಹೊಳೆ ಇಬ್ಬರ ಮಾತನ್ನೂ ಕೇಳುವಂಥದ್ದಲ್ಲ. ಗಂಡು ಒಳ್ಳೆಯವನು, ಮನೆತನ ಒಳ್ಳೆಯದು, ಆದರೆ ತವರಿಗೆ ಬರಬೇಕಾದರೆ ಅಕ್ಕ ಹರಗೋಲು ಹತ್ತಬೇಕು. ಅಂದಿನಿಂದ, ಅವಳು ನೀರಿಗೆ ಬಿದ್ದರೂ ತೇಲುವಂತೆ ಮೈಗೆ ಒಣ ಸೋರೆಬುರುಡೆ ಕಟ್ಟಲೆಂದು, ಅಪ್ಪ ಹಗ್ಗದ ಪಂಡಿತರಾದರು. ಪುಂಡಿನಾರಿನ ಹಗ್ಗ ನೋಡಲು ಚೆಂದ, ನೀರಲ್ಲಿ ಬೇಗ ಕೊಳೆಯುತ್ತದೆ. ತೆಂಗಿನ ನಾರಿನದು ಮೈ ಕೆರೆದರೂ ಕೈಬಿಡುವುದಿಲ್ಲ. ಕೊಳ್ಳುವ ಮುಂಚೆ ಹುರಿ ಬಿಚ್ಚಿ ಒಳಗೆ ಕಪ್ಪಾಗಿದೆಯೇ ನೋಡುವರು, ಮೂಸುವರು, ಅಂಗಡಿಯ ತೊಲೆಗೆ ಕಟ್ಟಿ ಜೋತುಬೀಳುವರು. "ಹಗ್ಗ ತಗೋರಿ ಅಂದ್ರ ಹೆಣ್ಣು ನೋಡಿದಂಗ ನೋಡ್ತೀರಲ್ರಿ" ಎಂದು ಅಂಗಡಿಯವನು ಅಂದರೆ, "ಹೆಣ್ಣಿಗಾಗೇ ನೋಡಾಕತ್ತೀನಿ" ಅನ್ನುವರು.

ಬುರುಡೆಯ ಪರೀಕ್ಷೆಗೆ ಮಾತ್ರ ನಾನೇ ಬೇಕಾಗಿದ್ದೆ. ಆಗ ನನಗೆ ಮೀಸೆ ಬಂದು, ಮದುವೆಯ ಮಾತೂ ನಡೆದಿತ್ತು. ಅಂಥ ಹೊತ್ತಿನಲ್ಲಿ, ಅಕ್ಕ ತವರಿಗೆ ಬಂದಿದ್ದಾಗ, ಅಪ್ಪ ಎರಡು ಒಣಬುರುಡೆಗಳನ್ನು ನನ್ನ ಸೊಂಟಕ್ಕೆ ಬಿಗಿದು ಹೊಳೆಗೆ ಇಳಿಸಿದರು. ಬುರುಡೆ ತೇಲಿತು, ಸೊಂಟವೂ ತೇಲಿತು, ತಲೆ ಕೆಳಗೆ ಹೋಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆ ನನ್ನ ಎರಡೂ ಪಾದಗಳ ದರ್ಶನವಾಯಿತು. ದಂಡೆಗೆ ಎಳೆದು ಹಾಕಿದಾಗ ಅಕ್ಕ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಆಮೇಲೆ ತಾನೇ ಬಂದು ಹಗ್ಗ ಬಿಚ್ಚಿ, ಬುರುಡೆಗಳನ್ನು ಬಗಲಿಗೆ ಏರಿಸಿ ಕಟ್ಟಿ, "ಮ್ಯಾಲ ಕಟ್ಗೋಬೇಕಲೇ, ಮಾರಿ ಕಾಣಬೇಕಲ್ಲ" ಅಂದಳು.

ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಬುರುಡೆ ಬಗಲಿಗೆ, ಗಂಟು ಎದೆಯ ಮುಂದೆ, ಮುಖ ನೀರಿನ ಮೇಲೆ. ಇನ್ನೊಂದು ಕಟ್ಟಳೆಯನ್ನು ಅಪ್ಪ ಅಂಬಿಗ ಹನುಮಪ್ಪನಿಂದ ಆಣೆ ಮಾಡಿಸಿ ಹಾಕಿದ್ದರು: ದಂಡೆಯ ಕಲ್ಲು ಬಸವಣ್ಣನ ಪಾದಕ್ಕೆ ನೀರು ಮುಟ್ಟಿದರೆ ಹರಗೋಲು ಬಿಡಬಾರದು, ಯಾರು ಬಂದು ಕೇಳಿದರೂ.

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಅಕ್ಕನನ್ನು ಕರೆತರಲು ದಿನ ಗೊತ್ತುಮಾಡಿದ್ದೆವು. ಹೆರಿಗೆಯೂ ಹೊಳೆಯೂ ಅದಕ್ಕಿಂತ ಮುಂಚೆ ಬಂದವು. ಅವಳ ಊರಿನವನೊಬ್ಬ ಬೆಳಗಿನ ಹರಗೋಲಿನಲ್ಲಿ ಬಂದು, ಹೆಣ್ಣುಕೂಸು ಹುಟ್ಟಿದೆ, ಬಾಣಂತಿಗೆ ಮೈ ಸುಡುವ ಜ್ವರ, ಅಪ್ಪನನ್ನು ಕೇಳುತ್ತಿದ್ದಾಳೆ ಎಂದ. ಅಪ್ಪ ಬುರುಡೆ ಕಟ್ಟಿಕೊಂಡು ದಂಡೆಗೆ ಓಡಿದರು. ಅಷ್ಟರಲ್ಲಿ ಬಸವಣ್ಣನ ಪಾದ ಮುಳುಗಿತ್ತು.

"ಇವತ್ತ ಬ್ಯಾಡ್ರಿ ಸಾವ್ಕಾರ್ರ. ನೀವ ಆಣಿ ಹಾಕ್ಸೀರಿ" ಎಂದ ಹನುಮಪ್ಪ.

"ಆಣಿ ವಾಪಸ್ ತಗೊಂಡೀನಿ."

"ನೀವು ತಗೊಂಡೀರಿ. ಹೊಳಿ ತಗೊಂಡಿಲ್ರಿ."

ಅಪ್ಪ ಮೆಟ್ಟಿಲ ಮೇಲೆ ಕೂತರು. ಊಟಕ್ಕೂ ಬುರುಡೆ ಬಿಚ್ಚಲಿಲ್ಲ, ನಿದ್ದೆಗೂ ಬಿಚ್ಚಲಿಲ್ಲ. ನೀರಿಳಿದು ನಾವು ಆಚೆ ಹೋಗುವಷ್ಟರಲ್ಲಿ ಅಕ್ಕನನ್ನು ಮಣ್ಣು ಮಾಡಿದ್ದರು. ಹನುಮಪ್ಪ ಮಾಡಿದ್ದು ಸರಿ, ಕಟ್ಟಳೆಯೂ ಸರಿ. ಸರಿಯಾದದ್ದರ ಮೇಲೆ ಸಿಟ್ಟಾಗುವುದು ಭಾಳ ಕಷ್ಟದ ಕೆಲಸ. ಅಪ್ಪ ಸಾಯುವತನಕ ಅದನ್ನೇ ಮಾಡಿದರು. ಕೂಸನ್ನು ಬಿದಿರಬುಟ್ಟಿಯಲ್ಲಿ ಮಲಗಿಸಿ, ಅಕ್ಕನಿಗೆಂದು ಒಣಗಿಸಿದ್ದ ಬುರುಡೆಗಳನ್ನು ಬುಟ್ಟಿಯ ಸುತ್ತ ಕಟ್ಟಿ ತಂದೆವು. ದಾರಿಯುದ್ದಕ್ಕೂ ಅಪ್ಪ ಗಂಟು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಆ ಕೂಸು ಪಾರವ್ವ ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ಯಾರು ಕಲಿಸಿದರೋ, ಹೊಳೆಯಲ್ಲಿ ಬುರುಡೆ ಕಟ್ಟದೆಯೇ ಮೀನಿನಂತೆ ಈಜುತ್ತಾಳೆ. ಅವಳು ಇಳಿದಾಗ ನಾನು ಬುರುಡೆ ಕಟ್ಟಿಕೊಂಡು, ಹಗ್ಗ ಹಿಡಿದು ದಂಡೆಯಲ್ಲಿ ನಿಂತಿರುತ್ತೇನೆ. ಈಜು ಬಾರದವನು ಯಾರನ್ನು ಉಳಿಸಿಯಾನು ಎಂದು ಊರು ನಗುತ್ತದೆ. ನಗಲಿ.

ಮೊನ್ನೆ ಅವಳು ಹೊಳೆಗೆ ಹೋದಳೆಂದು ತಡವಾಗಿ ತಿಳಿದು, ಗಾಬರಿಯಲ್ಲಿ ಬುರುಡೆಗಳನ್ನು ಸೊಂಟಕ್ಕೇ ಬಿಗಿದುಕೊಂಡು ಓಡಿದೆ. ಪಾರವ್ವ ನೀರಿನಿಂದೆದ್ದು ಬಂದು, ನನ್ನನ್ನೊಮ್ಮೆ ನೋಡಿ ನಕ್ಕು, ಹಗ್ಗ ಬಿಚ್ಚಿ ಬುರುಡೆಗಳನ್ನು ಬಗಲಿಗೆ ಏರಿಸಿದಳು. "ಮ್ಯಾಲ ಕಟ್ಗೋ ಮಾಮಾ, ಮಾರಿ ಕಾಣಬೇಕಲ್ಲ" ಅಂದಳು. ಅಕ್ಕನ ಆ ಮಾತನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

"ಕಣ್ಣಾಗ ಏನಾತು ಮಾಮಾ?"

ಹೊಳೆನೀರು ಸಿಡಿಯಿತು ಎಂದೆ. ನಾನು ನಿಂತಿದ್ದದ್ದು ಬಸವಣ್ಣನಿಗಿಂತ ಎಷ್ಟೋ ಮೇಲೆ, ಒಣ ಮೆಟ್ಟಿಲಲ್ಲಿ.